ಅನ್ನಪಾನನಿರೋಧವೂ ಹಿಂಸೆಯೇ

ಅಹಿಂಸೆಯೆಂದೊಡನೆ ಕೊಲ್ಲದಿರುವುದು, ನೋಯಿಸದಿರುವುದು ಎಂಬ ಅರ್ಥವೇ ಸಾಮಾನ್ಯವಾಗಿ ಮನಸ್ಸಿಗೆ ಬರುತ್ತದೆ. ಆದರೆ ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನೂ ಎಣಿಸಿದೆ. ಆಶ್ರಯದಲ್ಲಿರುವ ಜೀವಿಗೆ ಸಕಾಲದಲ್ಲಿ ಅನ್ನ ನೀರು ದೊರೆಯದಂತೆ ಮಾಡುವುದು ಕೈಯೆತ್ತಿ ಹೊಡೆಯುವುದರ ಸಾಲಿಗೇ ಸೇರಿದ ದೋಷ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 19.5ರಷ್ಟು ಮಂದಿಗೆ ಎತ್ತರಕ್ಕೆ ತಕ್ಕ ತೂಕವಿರಲಿಲ್ಲ, ಶೇ. 8.4ರಷ್ಟು ಮಕ್ಕಳ ಕೃಶತೆ ತೀವ್ರವಾದುದು. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವಿಗೆ ಸಾಮಾನ್ಯ ಭೇದಿಯೂ ಪ್ರಾಣಾಂತಿಕವಾಗಬಲ್ಲದು. ರೋಗವು ಗಂಡು ಹೆಣ್ಣೆಂಬ ಭೇದವೆಣಿಸದು, ಮನೆ ಎಣಿಸುವುದುಂಟು. ಕೊನೆಯ ಪಂಕ್ತಿಯಲ್ಲಿ ಉಳಿದುದನ್ನು ಉಣ್ಣುವ ಬಾಲೆ ಮುಂದೆ ರಕ್ತಹೀನ ತಾಯಿಯಾಗಿ, ತೂಕವಿಲ್ಲದ ಶಿಶುವನ್ನು ಹೆರುತ್ತಾಳೆ. ಹಸಿವು ಹೀಗೆ ತಲೆಮಾರನ್ನು ದಾಟುತ್ತದೆ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಿಕೊಳ್ಳಬೇಕು. ಉಪವಾಸವು ತಪಸ್ಸಾಗುವುದು ಅನ್ನವಿದ್ದವನು ಸ್ವೇಚ್ಛೆಯಿಂದ ಅದನ್ನು ತ್ಯಜಿಸಿದಾಗ. ಮೂರು ವರ್ಷದ ಕೂಸಿನ ಹಸಿವು ವ್ರತವಲ್ಲ. ಅದನ್ನು ಪೂರ್ವಕರ್ಮದ ಫಲವೆಂದು ಸುಮ್ಮನಿರುವುದೂ ಧರ್ಮವಲ್ಲ. ಕರ್ಮಸಿದ್ಧಾಂತವು ನೋಡುವವನ ಕರುಣೆಗೆ ರಜೆ ಕೊಟ್ಟಿಲ್ಲ.

2022ರಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡುವ ಯೋಜನೆ ರಾಜ್ಯದೆಲ್ಲೆಡೆ ವಿಸ್ತರಿಸಿದಾಗ ಅಹಿಂಸೆಯ ಹೆಸರಿನಲ್ಲಿ ಆಕ್ಷೇಪಗಳು ಕೇಳಿಬಂದವು. ತನ್ನ ಮನೆಯ ಆಹಾರವನ್ನು ಶುದ್ಧವಾಗಿಟ್ಟುಕೊಳ್ಳುವ ಹಕ್ಕು ಶ್ರಾವಕನಿಗುಂಟು. ಆದರೆ ಪರರ ಕೂಸಿನ ತಟ್ಟೆಯಿಂದ ಒಂದನ್ನು ತೆಗೆಯಿರಿ ಎನ್ನುವವನು ಅದರ ಬದಲಿಗೆ ಹಾಲು, ಬೇಳೆ, ಶೇಂಗಾ ಬೆಲ್ಲಗಳನ್ನು ತುಂಬುವ ಹೊಣೆ ಹೊರದಿದ್ದರೆ, ಆ ಅಹಿಂಸೆಯೇ ಅನ್ನಪಾನನಿರೋಧವಾಗಿ ಪರಿಣಮಿಸುತ್ತದೆ.

ಖಾನಾಪುರ ತಾಲ್ಲೂಕಿನ ಹಲಸಿಯು ಕದಂಬರ ಕಾಲದ ಪಲಾಶಿಕಾ. ಐದನೆಯ ಶತಮಾನದಲ್ಲಿ ಮೃಗೇಶವರ್ಮನು ಅಲ್ಲಿ ಜಿನಾಲಯ ಕಟ್ಟಿಸಿ ಭೂದಾನ ಮಾಡಿದನು. ಅದೇ ತಾಲ್ಲೂಕಿನ ಭೀಮಗಡದ ಕಾಡಿನ ಊರುಗಳಿಂದ ಮಳೆಗಾಲದಲ್ಲಿ ಹೊರಬರುವುದೇ ಕಷ್ಟ. ಕೃಶವಾದ ಮಗುವಿಗೆ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸುಮಾರು ಎರಡು ವಾರಗಳ ಆರೈಕೆ ಬೇಕಾಗುತ್ತದೆ. ಕೂಲಿಯ ತಾಯಿ ಅಷ್ಟು ದಿನ ದುಡಿಮೆಯನ್ನೂ ಮನೆಯಲ್ಲುಳಿದ ಮಕ್ಕಳನ್ನೂ ಬಿಟ್ಟಿರಬೇಕು. ಬೆಳಗಾವಿಯ ಬಸದಿಗಳ ಟ್ರಸ್ಟುಗಳು ಆಕೆಯ ಪ್ರಯಾಣ, ಮನೆಯ ದಿನಸಿಗಳ ಭಾರ ಹೊತ್ತರೆ ಆಹಾರ, ಔಷಧ, ಅಭಯ ಎಂಬ ಮೂರು ದಾನಗಳೂ ಒಂದೇ ಕಡೆ ಕೂಡಿಬರುತ್ತವೆ.

ಪಂಚಕಲ್ಯಾಣದ ಸಂಭ್ರಮಕ್ಕೆ ಲೆಕ್ಕ ಬರೆಯುವ ಪುಸ್ತಕದಲ್ಲೇ ಈ ಕೂಸಿಗೂ ಒಂದು ಪುಟವಿರಲಿ.