ನೀರಿನ ಕರ: ಹಕ್ಕು ಯಾರದು, ಹೊಣೆ ಯಾರದು?

ಗ್ರಾಮಸಭೆಯಲ್ಲಿ ನೀರಿನ ಕರದ ಮಾತು ಬಂದಾಗಲೆಲ್ಲ ಎರಡು ದನಿಗಳು ಏಳುತ್ತವೆ. ‘ನೀರು ದೇವರು ಕೊಟ್ಟದ್ದು, ಅದಕ್ಕೇಕೆ ಕಾಸು?’ ಎಂಬುದು ಒಂದು. ‘ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ, ಕಾಸು ಬಿಚ್ಚಿದರೇ ಜನ ನಲ್ಲಿ ನಿಲ್ಲಿಸಲು ಕಲಿಯುತ್ತಾರೆ’ ಎಂಬುದು ಇನ್ನೊಂದು. ಮೊದಲನೆಯದು ಭಕ್ತಿಯಂತೆಯೂ ಎರಡನೆಯದು ವ್ಯವಹಾರಜ್ಞಾನದಂತೆಯೂ ಕೇಳಿಸುತ್ತದೆ. ಆದರೆ ಮೊದಲ ಮಾತನ್ನು ಬಡವನಿಗಿಂತ ಗಟ್ಟಿಯಾಗಿ ಆಡುವವನು ಮನೆ ಮುಂದೆ ಸಂಪು ತೋಡಿಸಿ, ನಲ್ಲಿಗೆ ಮೋಟಾರು ಹಚ್ಚಿದವನು. ಎರಡನೆಯ ಮಾತನ್ನು ಆಡುವವರಿಗೆ, ನಾಲ್ಕು ಕೊಡ ನೀರಿಗಾಗಿ ಅರ್ಧ ದಿನದ ಕೂಲಿ ಕಳೆದುಕೊಂಡ ಹೆಂಗಸಿನ ನೆನಪಿರುವುದಿಲ್ಲ. ಆಕೆ ಆಗಲೇ ನೀರಿಗೆ ಬೆಲೆ ತೆತ್ತಾಗಿದೆ.

ಇಸ್ಲಾಮ್ ಈ ಪ್ರಶ್ನೆಯನ್ನು ಮರುಭೂಮಿಯಲ್ಲೇ ಎದುರಿಸಿತು. ನೀರು, ಹುಲ್ಲುಗಾವಲು ಮತ್ತು ಬೆಂಕಿಯಲ್ಲಿ ಜನರೆಲ್ಲರೂ ಪಾಲುದಾರರೆಂದು ಪ್ರವಾದಿ ಮುಹಮ್ಮದರು(ಸ) ಕಲಿಸಿದರು. ತನ್ನ ಅಗತ್ಯ ಮೀರಿ ಉಳಿದ ನೀರನ್ನು ದಾರಿಹೋಕನಿಗೆ ನಿರಾಕರಿಸುವವನ ಬಗ್ಗೆ ಹದೀಸ್‌ಗಳಲ್ಲಿ ಕಠಿಣ ಎಚ್ಚರಿಕೆಯಿದೆ. ಮದೀನಾದ ರೂಮಾ ಬಾವಿಯ ನೀರು ಮಾರಾಟದ ಸರಕಾಗಿದ್ದಾಗ ಹಝ್ರತ್ ಉಸ್ಮಾನ್(ರ) ಅದನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ‘ಶರೀಅತ್’ ಎಂಬ ಪದದ ಮೂಲಾರ್ಥವೇ ನೀರಿನ ನೆಲೆಗೆ ಹೋಗುವ ದಾರಿ.

ಆದರೆ ಉಸ್ಮಾನರ ಪ್ರಸಂಗದಲ್ಲಿ ನಾವು ಮರೆಯುವ ಒಂದು ಅಂಶವಿದೆ. ಜನರಿಗೆ ಉಚಿತವಾದ ಆ ನೀರಿಗೆ ಒಬ್ಬರು ತಮ್ಮ ಕೈಯಿಂದ ಹಣ ತೆತ್ತಿದ್ದರು. ಫಿಕ್‌ಹ್ ಪಂಡಿತರೂ ಒಂದು ಭೇದ ಮಾಡಿದ್ದಾರೆ. ಮಳೆ, ಹೊಳೆಗಳ ನೀರು ಎಲ್ಲರದು. ಅದನ್ನು ಮಶಕ್ಕಿನಲ್ಲಿ ತುಂಬಿ ಹೊತ್ತು ತಂದ ಭಿಸ್ತಿ ಹಣ ಪಡೆದರೆ ತಪ್ಪಲ್ಲ. ಇಂದಿನ ಭಿಸ್ತಿಯೆಂದರೆ ಕೊಳವೆಬಾವಿ, ಪಂಪು, ಓವರ್‌ಹೆಡ್ ಟ್ಯಾಂಕು ಮತ್ತು ಬೆಳಗಿನ ಜಾವ ಎದ್ದು ವಾಲ್ವು ತಿರುಗಿಸುವ ವಾಟರ್‌ಮ್ಯಾನ್. ಕರೆಂಟ್ ಬಿಲ್ಲು, ಸುಟ್ಟ ಮೋಟಾರು, ಬ್ಲೀಚಿಂಗ್ ಪೌಡರು, ಒಡೆದ ಪೈಪು ಇವನ್ನೆಲ್ಲ ದೇವರ ಲೆಕ್ಕಕ್ಕೆ ಬರೆಯಲಾಗದು. ಕರ ವಸೂಲಾಗದ ಪಂಚಾಯತಿಯಲ್ಲಿ ವಾಟರ್‌ಮ್ಯಾನ್‌ನ ಸಂಬಳ ತಿಂಗಳುಗಟ್ಟಲೆ ನಿಂತರೆ, ನಮ್ಮ ಬಿಟ್ಟಿ ನೀರಿನ ಬೆಲೆಯನ್ನು ಅವನ ಮಕ್ಕಳು ತೆರುತ್ತಾರೆ.

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯತಿಗೆ ನೀರಿನ ದರ ವಿಧಿಸುವ ಅಧಿಕಾರ ಕೊಟ್ಟಿದೆ. ಹಾಗಾಗಿ ಕರ ಬೇಕೇ ಬೇಡವೇ ಎನ್ನುವುದಕ್ಕಿಂತ, ಯಾರಿಂದ ಎಷ್ಟು ಎನ್ನುವುದೇ ನಿಜವಾದ ಪ್ರಶ್ನೆ. ಮನೆಮನೆಗೂ ಒಂದೇ ಮೊತ್ತ ಎಂಬುದು ಮೇಲ್ನೋಟಕ್ಕೆ ಸಮಾನತೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎಂಬ ಅಳತೆ ಇಟ್ಟಿತು. ಐದು ಜನರ ಮನೆಗೆ ಅದು ದಿನಕ್ಕೆ 275 ಲೀಟರ್, ತಿಂಗಳಿಗೆ ಸುಮಾರು 8,000 ಲೀಟರ್. ಇಷ್ಟನ್ನೇ ಬಳಸುವ ಮನೆಯೂ, ತೋಟಕ್ಕೂ ಕಾರು ತೊಳೆಯಲಿಕ್ಕೂ ಸೇರಿ 32,000 ಲೀಟರ್ ಸೆಳೆಯುವ ಮನೆಯೂ ಒಂದೇ ಹಣ ಕಟ್ಟಿದರೆ, ಲೀಟರಿನ ಲೆಕ್ಕದಲ್ಲಿ ಬಡವನ ನೀರು ನಾಲ್ಕು ಪಟ್ಟು ದುಬಾರಿ.

ಮೀಟರು ಹಾಕಿ, ಬಳಕೆ ಹೆಚ್ಚಿದಂತೆ ದರ ಏರಿಸಿದರೆ ಸರಿಹೋಗುತ್ತದೆಯೇ? ಅಲ್ಲೂ ಒಂದು ತೊಡಕಿದೆ. ಹನ್ನೆರಡು ಜನರ ಕೂಡುಕುಟುಂಬವೂ ಒಂದೇ ನಲ್ಲಿಯ ಮೇಲಿರುವ ಮೂರು ಬಾಡಿಗೆ ಸಂಸಾರಗಳೂ ಐಷಾರಾಮಿಗಳ ಸಾಲಿಗೆ ಸೇರಿಬಿಡುತ್ತವೆ. ಆದ್ದರಿಂದ ಮೀಟರಿನ ಜೊತೆಗೆ ಮನೆಯ ತಲೆಗಳನ್ನೂ ಎಣಿಸಬೇಕು. ಸಣ್ಣ ಊರಿಗೆ ಇದು ಕಷ್ಟವಲ್ಲ, ಯಾರ ಮನೆಯಲ್ಲಿ ಎಷ್ಟು ಜನ ಎಂಬುದು ಎಲ್ಲರಿಗೂ ಗೊತ್ತು.

ಎಲ್ಲಕ್ಕಿಂತ ಕಠಿಣ ಪ್ರಶ್ನೆ, ಹಣ ಕಟ್ಟದವರ ನಲ್ಲಿಯನ್ನು ಕಡಿಯಬಹುದೇ ಎಂಬುದು. ದಕ್ಷಿಣ ಆಫ್ರಿಕಾದ ಸೊವೆಟೊದ ಫಿರಿ ಬಡಾವಣೆಯಲ್ಲಿ ತಿಂಗಳಿಗೆ 6,000 ಲೀಟರ್ ಉಚಿತ ನೀಡಿ, ಬಳಿಕ ಮುಂಗಡ ಹಣ ತುಂಬದಿದ್ದರೆ ತಾನಾಗಿಯೇ ನಿಲ್ಲುವ ಮೀಟರುಗಳನ್ನು ಅಳವಡಿಸಿದರು. ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 2009ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ನಗರಾಡಳಿತದ ಪರವಾಗಿ ತೀರ್ಪು ಕೊಟ್ಟಿತು. ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿಯಿತು, ಅಂತಃಸಾಕ್ಷಿಯ ಪ್ರಶ್ನೆ ಮುಗಿಯಲಿಲ್ಲ. ನಮ್ಮ ನೆಲದಲ್ಲಂತೂ ನೀರನ್ನು ತಡೆಯುವುದಕ್ಕೆ ಬೇರೆಯೇ ಚರಿತ್ರೆಯಿದೆ. ಕೆರೆಯ ನೀರು ಮುಟ್ಟುವ ಹಕ್ಕಿಗಾಗಿ 1927ರಲ್ಲಿ ಅಂಬೇಡ್ಕರರು ಮಹಾಡಿನಲ್ಲಿ ಸತ್ಯಾಗ್ರಹ ಮಾಡಬೇಕಾಯಿತು. ನೀರು ನಿಲ್ಲಿಸುವ ಅಧಿಕಾರ ಯಾರ ಕೈಗೆ ಸಿಕ್ಕರೂ ಅದು ಮೊದಲು ಯಾವ ಕೇರಿಯತ್ತ ಹೋಗುತ್ತದೆಂದು ನಮಗೆ ಗೊತ್ತಿರಬೇಕು.

ಕಟ್ಟಲಾರದವನೂ ಕಟ್ಟಲೊಲ್ಲದವನೂ ಒಂದೇ ಅಲ್ಲ. ಒಲ್ಲದವನ ಮೋಟಾರು ಕಿತ್ತುಹಾಕಲಿ, ಎರಡನೆಯ ನಲ್ಲಿ ಮುಚ್ಚಲಿ. ಆದರೆ ಕುಡಿಯುವ, ಅಡುಗೆಯ, ವುಝೂವಿನ ನೀರು ಯಾರ ಮನೆಗೂ ನಿಲ್ಲಬಾರದು. ಕಟ್ಟಲಾರದವನ ಪಾಲನ್ನು ಊರು ಹೊರಬೇಕು. ಉಸ್ಮಾನರ ಮಾದರಿಯೆಂದು ಭಾಷಣ ಮಾಡುವ ನಾವು ಇದನ್ನಾದರೂ ಮಾಡಬೇಡವೇ?

ಇನ್ನು ಪಂಚಾಯತಿಗೂ ಒಂದು ಮಾತು. ಎಷ್ಟೋ ಮಸೀದಿಗಳಲ್ಲಿ ಚಂದಾ ಹಣದ ಜಮಾ-ಖರ್ಚನ್ನು ಬೋರ್ಡಿನ ಮೇಲೆ ಬರೆದು ಹಾಕುತ್ತಾರೆ. ಅದನ್ನು ಓದಿದವನು ಮುಂದಿನ ತಿಂಗಳು ಕೇಳದೆಯೇ ಕೊಡುತ್ತಾನೆ. ನೀರಿನ ಕರದಲ್ಲಿ ಎಷ್ಟು ಬಂತು, ಕರೆಂಟಿಗೆಷ್ಟು, ರಿಪೇರಿಗೆಷ್ಟು, ಯಾರ ಬಾಕಿ ಎಷ್ಟು ಎಂಬುದನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ದೊಡ್ಡವರ ಬಾಕಿಯನ್ನು ಮೊದಲು ಓದಲಿ. ಜನರ ಹಣ ಅಮಾನತ್ತು, ಜನರ ಪಾಲಿಗೆ ನೀರೂ ಅಮಾನತ್ತೇ. ದರ ನ್ಯಾಯವಾಗಿದೆಯೇ ಎಂದು ತಿಳಿಯಲು ಟ್ಯಾಂಕಿನ ಪಕ್ಕದ ಮನೆಯವರನ್ನು ಕೇಳಬೇಕಿಲ್ಲ, ಪೈಪಿನ ಕೊನೆಯಲ್ಲಿರುವ ಮನೆಯ ಕೊಡ ತುಂಬಿದೆಯೇ ಎಂದು ನೋಡಿದರೆ ಸಾಕು.