ಪಂದ್ಯದ ಕುದುರೆಯೂ ಲಕ್ಕಮ್ಮನ ಪ್ರಶ್ನೆಯೂ

ಮನುಷ್ಯನಿಗೆ ಇಂದಿನ ಅನ್ನವೊಂದೇ ಸಾಲದು. ನಾಳೆಯ ಸುದ್ದಿಯೂ ಬೇಕು. ಮಳೆ ಬಂದೀತೆ, ಬೆಲೆ ಏರೀತೆ, ಮಗಳ ಮದುವೆ ಕೂಡಿಬಂದೀತೆ ಎಂದು ಎಣಿಸುವುದು ಸಂಸಾರಿಗೆ ಸಹಜ. ಈ ಎಣಿಕೆಯಿಂದಲೇ ಒಕ್ಕಲಿಗನು ಬೀಜವನ್ನು ಕಾದಿಡುತ್ತಾನೆ; ವ್ಯಾಪಾರಿಯು ಸರಕನ್ನು ಕೊಂಡಿಡುತ್ತಾನೆ. ಆದುದರಿಂದ ಮುಂದನ್ನು ಎಣಿಸುವುದು ದೋಷವಲ್ಲ. ಆದರೆ ಎಣಿಕೆಗೆ ಒಂದು ಎಲ್ಲೆಯುಂಟು. ಆ ಎಲ್ಲೆಯಲ್ಲಿ ಅರಿವು ನಿಂತುಬಿಡುತ್ತದೆ. ಆಸೆಯು ಮಾತ್ರ ಮುಂದೆ ನಡೆಯುತ್ತದೆ. ಆಸೆಯು ಅರಿವಿನ ಉಡುಪನ್ನೇ ತೊಟ್ಟು ನಡೆಯುವುದರಿಂದ ಎಲ್ಲೆಯನ್ನು ದಾಟಿದುದು ಮನುಷ್ಯನಿಗೆ ತಿಳಿಯುವುದಿಲ್ಲ. ಇದಕ್ಕೆ ಕುದುರೆ ಪಂದ್ಯವು ಒಂದು ಸ್ಪಷ್ಟವಾದ ದೃಷ್ಟಾಂತ.

ಬೆಂಗಳೂರು ಮೈಸೂರುಗಳು ಸಂಸ್ಥಾನದ ಕಾಲದಿಂದಲೂ ಕುದುರೆ ಓಟವನ್ನು ಕಂಡ ಊರುಗಳು. ಅಲ್ಲಿಯದು ಸಮನೆಲದ ಓಟ. ಇಂಗ್ಲೆಂಡ್ ಐರ್ಲೆಂಡುಗಳಲ್ಲಿ ಇದಲ್ಲದೆ ಬೇಲಿಗಳನ್ನು ಹಾರುತ್ತ ಓಡುವ ಇನ್ನೊಂದು ಬಗೆಯ ಓಟವುಂಟು. ಅದರ ಅತಿ ಪ್ರಸಿದ್ಧವಾದ ಉತ್ಸವವು ಮಾರ್ಚ್ ತಿಂಗಳಲ್ಲಿ ಗ್ಲಾಸ್ಟರ್‌ಷೈರಿನ ಚೆಲ್ಟೆನ್‌ಹ್ಯಾಮ್ ಪಟ್ಟಣದ ಬಳಿ, ಕ್ಲೀವ್ ಬೆಟ್ಟದ ಅಡಿಯಲ್ಲಿ ನಡೆಯುತ್ತದೆ. 2005ರಿಂದ ಅದು ನಾಲ್ಕು ದಿನಗಳ ಉತ್ಸವವಾಗಿದೆ. ಈಗ ದಿನಕ್ಕೆ ಏಳರಂತೆ 28 ಓಟಗಳು ನಡೆಯುತ್ತವೆ. ಕೊನೆಯ ದಿನದ ಗೋಲ್ಡ್ ಕಪ್ ಎಂಬುದು ಎಲ್ಲಕ್ಕೂ ಶಿಖರಪ್ರಾಯವಾದುದು. 1924ರಿಂದ ಬೇಲಿಗಳ ಮೇಲೆ ನಡೆದುಬಂದಿರುವ ಈ ಪಂದ್ಯದಲ್ಲಿ ಕುದುರೆಯು ಮೂರೂಕಾಲು ಮೈಲಿಗೂ ತುಸು ಹೆಚ್ಚಿನ ದಾರಿಯಲ್ಲಿ, ನಾಲ್ಕೂವರೆ ಅಡಿಗೆ ಕಡಿಮೆಯಿಲ್ಲದ 22 ಬೇಲಿಗಳನ್ನು ಹಾರಬೇಕು. ಅಷ್ಟು ದಣಿದ ಮೇಲೆ ಕೊನೆಯ ದಾರಿಯು ಏರು ನೆಲ.

ಈ ಉತ್ಸವದಲ್ಲಿ ಯಾವ ಕುದುರೆಯ ಮೇಲೆ ಹಣ ಕಟ್ಟಬೇಕೆಂದು ಆರಿಸುವವರ ವ್ಯಾಸಂಗವು ಅಲ್ಪವಾದುದಲ್ಲ. ಪ್ರತಿಯೊಂದು ಕುದುರೆಯ ಹೆಸರಿನ ಪಕ್ಕದಲ್ಲಿ ಅದರ ಹಿಂದಿನ ಓಟಗಳ ಫಲವು ಅಂಕಿಗಳಾಗಿ ಅಚ್ಚಾಗಿರುತ್ತದೆ. ಬಿದ್ದುದಕ್ಕೆ ಒಂದು ಅಕ್ಷರ, ನಡುವೆ ನಿಲ್ಲಿಸಿದುದಕ್ಕೆ ಇನ್ನೊಂದು ಅಕ್ಷರ. ಅವನ್ನು ಓದಿದ ಮೇಲೆ ನೆಲದ ವಿಚಾರ. ಒಂದು ಕುದುರೆ ಮಳೆ ನೆನೆದ ಮೆದುನೆಲದಲ್ಲಿ ಗೆಲ್ಲುತ್ತದೆ, ಇನ್ನೊಂದು ಗಟ್ಟಿನೆಲವನ್ನೇ ಬಯಸುತ್ತದೆ. ಎರಡು ಮೈಲಿಗೆ ವೇಗವಿದ್ದುದಕ್ಕೆ ಮೂರು ಮೈಲಿಗೆ ಉಸಿರಿರಲಾರದು. ಬಯಲಿನಲ್ಲಿ ಚೆನ್ನಾಗಿ ಓಡಿದುದು ಏರಿನಲ್ಲಿ ಸೋಲಬಹುದು. ಕೆಲವು ಪಂದ್ಯಗಳಲ್ಲಿ ಹೆಚ್ಚು ಯೋಗ್ಯತೆಯ ಕುದುರೆಗೆ ಹೆಚ್ಚು ಭಾರವನ್ನು ಹೊರಿಸಿ ಎಲ್ಲವನ್ನೂ ಸಮ ಮಾಡುವ ಕ್ರಮವಿದೆ. ಜೀನಿನಲ್ಲಿ ಸೀಸದ ತುಂಡುಗಳನ್ನಿಟ್ಟು ಆ ಭಾರವನ್ನು ತುಂಬುತ್ತಾರೆ. ಇವೆಲ್ಲವನ್ನೂ, ಸವಾರನ ಕೈಚಳಕವನ್ನೂ, ತರಬೇತುದಾರನ ರೀತಿಯನ್ನೂ ತೂಗಿನೋಡುವವನನ್ನು ಅಜ್ಞಾನಿಯೆನ್ನಲಾಗದು. ಭಾರತದ ಸರ್ವೋಚ್ಚ ನ್ಯಾಯಾಲಯವೂ 1996ರಲ್ಲಿ, ಕುದುರೆ ಪಂದ್ಯದಲ್ಲಿ ಅದೃಷ್ಟಕ್ಕಿಂತ ಕೌಶಲವೇ ಪ್ರಧಾನವೆಂದು ತೀರ್ಪಿತ್ತಿತು.

ಆದರೆ ಇಷ್ಟೆಲ್ಲ ಅರಿವು ಕೊನೆಗೆ ತಂದು ನಿಲ್ಲಿಸುವುದೆಲ್ಲಿಗೆ? 2025ರ ಮಾರ್ಚ್ 11ರಂದು ಚೆಲ್ಟೆನ್‌ಹ್ಯಾಮಿನಲ್ಲಿ ಚಾಂಪಿಯನ್ ಹರ್ಡಲ್ ಎಂಬ ಪಂದ್ಯ ನಡೆಯಿತು. ಕಾನ್‌ಸ್ಟಿಟ್ಯೂಶನ್ ಹಿಲ್ ಎಂಬ ಕುದುರೆಯು ಅದುವರೆಗೆ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಬಹುಜನರು ಅದನ್ನೇ ನೆಚ್ಚಿದ್ದರು. ಅದು ಐದನೆಯ ತಡೆಯಲ್ಲಿ ಬಿದ್ದಿತು. ಹಿಂದಿನ ವರ್ಷ ಗೆದ್ದಿದ್ದ ಸ್ಟೇಟ್ ಮ್ಯಾನ್ ಎಲ್ಲವನ್ನೂ ಹಿಂದೆ ಹಾಕಿ ಕೊನೆಯ ತಡೆಗೆ ಬಂದಿತು. ಅದೂ ಅಲ್ಲಿಯೇ ಬಿದ್ದಿತು. ಒಂದಕ್ಕೆ ಇಪ್ಪತ್ತೈದು ಕೊಡುತ್ತೇವೆಂದು ಬುಕ್ಕಿಗಳು ಕೂಗುತ್ತಿದ್ದ ಗೋಲ್ಡನ್ ಏಸ್ ಎಂಬ ಹೆಣ್ಣುಕುದುರೆ ಗೆದ್ದಿತು. ಬಿದ್ದ ಕುದುರೆಗಳನ್ನು ಆರಿಸಿದವರ ಲೆಕ್ಕ ತಪ್ಪಾಗಿರಲಿಲ್ಲ. ಯಾವುದು ಉತ್ತಮವೆಂಬುದನ್ನು ಅವರು ಸರಿಯಾಗಿಯೇ ಅರಿತಿದ್ದರು. ಕುದುರೆಯ ಗೊರಸು ತಡೆಗೆ ತಗಲುವ ಒಂದು ಕ್ಷಣವನ್ನು ಮಾತ್ರ ಯಾವ ಅರಿವೂ ಮುಂಗಾಣಲಾರದು. ಪಣವಾದರೋ ಆ ಕ್ಷಣದ ಮೇಲೆಯೇ ನಿಂತಿರುತ್ತದೆ.

ಇದಲ್ಲದೆ ಬುಕ್ಕಿಯ ಲೆಕ್ಕವೂ ಒಂದುಂಟು. ಎರಡೇ ಕುದುರೆಗಳು ಓಡುತ್ತವೆ, ಎರಡೂ ಸಮಬಲದವು ಎಂದಿಟ್ಟುಕೊಳ್ಳಬೇಕು. ನ್ಯಾಯವಾಗಿ 11 ರೂಪಾಯಿ ಕಟ್ಟಿದವನಿಗೆ 11 ರೂಪಾಯಿ ಲಾಭ ಸಿಗಬೇಕು. ಬುಕ್ಕಿಯು 10 ಮಾತ್ರ ಕೊಡುತ್ತಾನೆ. ಒಬ್ಬನು ಎರಡರ ಮೇಲೂ ಹನ್ನೊಂದು ಹನ್ನೊಂದು ಕಟ್ಟಿದರೆ ಅವನ ಕೈಯಿಂದ ಹೋದುದು 22, ಯಾವುದು ಗೆದ್ದರೂ ಮರಳಿ ಬರುವುದು 21. ಕುದುರೆಗಳು ಹೆಚ್ಚಿದಷ್ಟೂ ಲೆಕ್ಕ ಜಟಿಲವಾಗುತ್ತದೆ. ತತ್ತ್ವ ಮಾತ್ರ ಇದೇ. ಕುದುರೆ ಯಾವುದೇ ಗೆಲ್ಲಲಿ, ಆ ಒಂದು ರೂಪಾಯಿ ಮೊದಲೇ ಗೆದ್ದಾಗಿದೆ. ಒಂದು ದಿನ ಗೆದ್ದವರುಂಟು. ಜೀವಮಾನವೆಲ್ಲ ಕಟ್ಟಿ ಗೆದ್ದುಳಿದವರು ಅತಿ ವಿರಳ.

ಒಕ್ಕಲಿಗನು ಬಿತ್ತುವುದೂ ಮಳೆಯ ಮೇಲೆ ಕಟ್ಟಿದ ಪಣವಲ್ಲವೆ ಎಂದು ಕೆಲವರು ಕೇಳುವುದುಂಟು. ಮೇಲುನೋಟಕ್ಕೆ ಸರಿಯಾದ ಪ್ರಶ್ನೆ. ಆದರೆ ಬಿತ್ತುವವನು ಬೆವರನ್ನೂ ನೆಲಕ್ಕೆ ಹಾಕಿರುತ್ತಾನೆ. ಮಳೆ ಕೈಕೊಟ್ಟರೂ ಹೊಲವು ಹಸನಾಗಿಯೇ ಉಳಿಯುತ್ತದೆ. ಬೆಳೆ ಬಂದರೆ ಅದು ಯಾರ ಮನೆಯ ಕಣಜವನ್ನೂ ಬರಿದು ಮಾಡಿ ಬಂದುದಲ್ಲ. ಹಿಂದೆ ಇಲ್ಲದಿದ್ದ ಕಾಳು ಲೋಕಕ್ಕೆ ಹೊಸದಾಗಿ ಬಂದಂತಾಯಿತು. ಪಂದ್ಯದ ಹಣದಲ್ಲಿ ಹೊಸದಾಗಿ ಒಂದು ಕಾಳೂ ಹುಟ್ಟುವುದಿಲ್ಲ. ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹರಿಯುತ್ತದೆ, ದಾರಿಯಲ್ಲಿ ಬುಕ್ಕಿಯ ಪಾಲು ಕಳೆಯುತ್ತದೆ, ಅಷ್ಟೆ.

ಅದೇ ಮೈದಾನದಲ್ಲಿ ಕಾಯಕವೂ ಇಲ್ಲದಿಲ್ಲ. 1990ರ ಗೋಲ್ಡ್ ಕಪ್ಪನ್ನು ನಾರ್ಟನ್ಸ್ ಕಾಯಿನ್ ಎಂಬ ಕುದುರೆ ಗೆದ್ದಿತು. ಅದರ ಬೆಲೆ ಒಂದಕ್ಕೆ ನೂರು. ಅಷ್ಟು ಅಲಕ್ಷ್ಯಕ್ಕೊಳಗಾದ ಕುದುರೆ ಆ ಪಂದ್ಯವನ್ನು ಬೇರೆಂದೂ ಗೆದ್ದಿಲ್ಲ. ಜನರ ಕಣ್ಮಣಿಯಾಗಿದ್ದ ಡೆಸರ್ಟ್ ಆರ್ಕಿಡ್ ಮೂರನೆಯದಾಯಿತು. ನಾರ್ಟನ್ಸ್ ಕಾಯಿನನ್ನು ಸಾಕಿ ಪಳಗಿಸಿದ ಸಿರೆಲ್ ಗ್ರಿಫಿತ್ಸ್ ವೇಲ್ಸ್ ಸೀಮೆಯ ಒಬ್ಬ ರೈತ. ಹೈನುಗಾರಿಕೆ ಅವನ ವೃತ್ತಿ, ಅವನ ಲಾಯದಲ್ಲಿದ್ದುದು ಬೆರಳೆಣಿಕೆಯ ಕುದುರೆಗಳು. ಪಂದ್ಯದ ದಿನ ಬೆಳಗ್ಗೆಯೂ ಹಸುಗಳ ಹಾಲು ಕರೆದೇ ಅವನು ಚೆಲ್ಟೆನ್‌ಹ್ಯಾಮಿಗೆ ಹೊರಟನೆಂದು ಹೇಳುತ್ತಾರೆ. ಆ ಗೆಲುವಿನ ಹಿಂದೆ ಮೇವು ಹಾಕಿದ ಕೈ, ಮೈ ತಿಕ್ಕಿದ ಕೈ, ಚಳಿಯ ನಸುಕಿನಲ್ಲಿ ಕುದುರೆಯನ್ನು ನಡೆಸಿದ ಕೈ ಇದ್ದವು. ಕುದುರೆ ಸೋತಿದ್ದರೂ ಮರುದಿನ ಹಸುಗಳು ಹಾಲು ಕೊಡುತ್ತಿದ್ದವು. ಅವನ ಬದುಕಿನ ಬುಡ ಅಲುಗುತ್ತಿರಲಿಲ್ಲ. ಹಣ ಕಟ್ಟಿದವನಿಗಾದರೆ ಕುದುರೆಯ ಮೈಬಿಸುಪೇ ತಿಳಿಯದು. ಅವನು ಪರರ ಕಾಯಕದ ಫಲಕ್ಕೆ ಕೈಯೊಡ್ಡಿದವನು.

ಇಲ್ಲಿ ಆಯ್ದಕ್ಕಿ ಮಾರಯ್ಯನ ಕಥೆಯು ನೆನಪಿಗೆ ಬರಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ. ಆ ಅಕ್ಕಿಯಿಂದಲೇ ಜಂಗಮ ದಾಸೋಹ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಸತಿ ಲಕ್ಕಮ್ಮನು ಅದನ್ನು ಕಂಡು ಹಿಗ್ಗಲಿಲ್ಲ. ಈ ಹೆಚ್ಚಿನದು ಏಕೆ ಬಂದಿತೆಂದು ಕೇಳಿದಳು. ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಮಾರಯ್ಯನು ಕದ್ದಿರಲಿಲ್ಲ, ಯಾರನ್ನೂ ವಂಚಿಸಿರಲಿಲ್ಲ. ಯಾವ ನ್ಯಾಯಸ್ಥಾನವೂ ಅದನ್ನು ತಪ್ಪೆನ್ನುತ್ತಿರಲಿಲ್ಲ. ಆದರೂ ಅಗತ್ಯಕ್ಕೆ ಮೀರಿದುದು ಮನೆಯೊಳಗೆ ಬಂದರೆ ಅದರ ಬೆನ್ನಿಗೇ ಆಸೆಯೂ ಬರುವುದೆಂದು ಆ ತಾಯಿ ಅರಿತಿದ್ದಳು.

ಸೋತವನಿಗೆ ಬುದ್ಧಿ ಹೇಳುವವರು ಊರೆಲ್ಲ ಇರುತ್ತಾರೆ. ಲಕ್ಕಮ್ಮನ ಪ್ರಶ್ನೆಯು ಗೆದ್ದು ಬಂದವನಿಗೆ ಕೇಳಿದ ಪ್ರಶ್ನೆ. ಅದೇ ಅದರ ಹಿರಿಮೆ. ಪಂದ್ಯದಲ್ಲಿ ಗೆದ್ದ ಹಣವನ್ನು ಗೃಹಸ್ಥನೊಬ್ಬನು ತಂದು ದೇವರ ಮುಂದಿಟ್ಟು, ಇದರಲ್ಲಿ ಒಂದು ಭಾಗ ದಾಸೋಹಕ್ಕೆಂದು ಸಂತೋಷದಿಂದ ಹೇಳಬಹುದು. ಆ ಹಣವು ಎಲ್ಲಿಂದ ಬಂದಿತೆಂದು ಅವನು ವಿಚಾರಿಸಬೇಕು. ಅಂದು ಸೋತ ಇನ್ನೊಬ್ಬ ಗೃಹಸ್ಥನ ಮಗುವಿನ ಶಾಲೆಯ ಶುಲ್ಕವು ಅದರಲ್ಲಿ ಇರಬಹುದು. ಅವನ ಮಡದಿಯ ಬಳೆಯನ್ನು ಒತ್ತೆಯಿಟ್ಟ ಹಣವೂ ಇರಬಹುದು. ಕಾಯಕದಿಂದ ಬಂದುದಲ್ಲದೆ ದಾಸೋಹಕ್ಕೆ ಸಲ್ಲದು. ಅಷ್ಟೇ ಅಲ್ಲ, ಗೆದ್ದ ಹಣವು ಅವನನ್ನು ಮನೆಯಲ್ಲಿ ಕುಳ್ಳಿರಿಸುವುದಿಲ್ಲ. ಮತ್ತೆ ಮೈದಾನಕ್ಕೇ ಕರೆದೊಯ್ಯುತ್ತದೆ.

ಮನರಂಜನೆಗೆಂದು ಅಲ್ಪಸ್ವಲ್ಪ ಕಟ್ಟಿದರೆ ಏನು ಕೇಡು ಎಂಬವರಿಗೆ ಒಂದು ಪರೀಕ್ಷೆ ಸಾಕು. ಕಟ್ಟುವ ಮೊದಲು ಆ ಮೊತ್ತವನ್ನು ಮನೆಯಾಕೆಯ ಮುಂದೆ ಬಾಯಿಬಿಟ್ಟು ಹೇಳಬೇಕು. ಸೋತ ಮೇಲೆ ಮನೆಯ ಖರ್ಚಿನ ಪುಸ್ತಕದಲ್ಲಿ ಬರೆಯಬೇಕು. ಬರೆಯಲು ಕೈ ಹಿಂಜರಿದರೆ ಅದು ಮನರಂಜನೆಯ ಎಲ್ಲೆಯನ್ನು ದಾಟಿದೆಯೆಂದು ತಿಳಿಯಬೇಕು. ಆಗಲೇ ದಾಟಿ ಸಾಲದಲ್ಲಿ ಬಿದ್ದವನು ಇನ್ನೊಂದು ಕುದುರೆಯಿಂದ ಅದನ್ನು ತೀರಿಸಲು ಹೊರಡಬಾರದು. ಅಂದೇ ರಾತ್ರಿ ಮನೆಯವರಿಗೆ ಎಲ್ಲವನ್ನೂ ತಿಳಿಸಬೇಕು. ಮನೆಯವರೂ ಅವನನ್ನು ಹಳಿದು ಹೊರಗಟ್ಟದೆ, ಬಿದ್ದ ಸವಾರನಿಗೆ ಕೈಕೊಟ್ಟು ಎಬ್ಬಿಸುವಂತೆ ಎಬ್ಬಿಸಬೇಕು.

ಕುದುರೆಯನ್ನು ನೋಡಿ ಸಂತೋಷಪಡುವುದು ಪಾಪವಲ್ಲ. ಅದರ ಮೈಕಟ್ಟೂ ಜಿಗಿತವೂ ಶಿವನ ಸೃಷ್ಟಿಯ ಸೊಬಗೇ. ತನ್ನ ಬೆನ್ನ ಮೇಲೆ ಸಾವಿರಾರು ಜನರ ಹಣವಿದೆಯೆಂಬುದು ಆ ಮೂಕಪ್ರಾಣಿಗೆ ಗೊತ್ತಿಲ್ಲ. ಕೊನೆಯ ಗೆಲುವಿನ ಚಿಂತೆಯಿಲ್ಲದೆ ಎದುರಿನ ಬೇಲಿಯೊಂದನ್ನು ನೋಡಿ ಹಾರುತ್ತದೆ. ಭಕ್ತನೂ ಇಂದು ತನ್ನೆದುರಿಗಿರುವ ಕಾಯಕವನ್ನು ಮನವಿಟ್ಟು ಮಾಡಲಿ. ಅದರಿಂದ ಬಂದುದನ್ನು ಹಂಚಿ ಉಣ್ಣಲಿ. ಎಲ್ಲರ ಮನೆಯ ಒಲೆಯ ಮೇಲೂ ಬೆವರಿನ ಅಕ್ಕಿಯೇ ಬೇಯಲಿ.