ಮೊದಲಿನಿಂದಲೂ ಹಾಗೆಯೇ?

ನನ್ನ ಮನೆ ಮಸ್ಕಿಯಲ್ಲಿ. ಪಾಠ ಹೇಳುವುದು ಸಿಂಧನೂರಿನ ಕಾಲೇಜಿನಲ್ಲಿ. ಬೆಳಿಗ್ಗೆ ಲಿಂಗಸುಗೂರಿನ ಕಡೆಯ ಬಸ್ಸು ನಮ್ಮೂರು ಮುಟ್ಟುವಷ್ಟರಲ್ಲಿ ತುಂಬಿಕೊಂಡಿರುತ್ತದೆ. ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವ ವಿದ್ಯೆ ನನಗೆ ಇಂದಿಗೂ ಕೈಗೂಡಿಲ್ಲ. ಹತ್ತು ಹನ್ನೆರಡು ವರ್ಷ ಆ ಕೆಲಸವನ್ನು ನನಗಾಗಿ ಮಾಡಿದವನು ಬಸ್‌ಸ್ಟ್ಯಾಂಡಿನ ಬಳಿ ಕಿರಾಣಿ ಅಂಗಡಿ ಇಟ್ಟವರ ತಮ್ಮ. ಬೋರ್ಡು ಓದಲು ಅವನಿಗೆ ಬಾರದು. ಆದರೂ ಯಾವ ಬಸ್ಸು ಸಿಂಧನೂರಿಗೆ, ಯಾವುದು ರಾಯಚೂರಿಗೆ ಎಂಬುದರಲ್ಲಿ ಅವನು ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಡ್ರೈವರನ ಮುಖ ನೋಡಿ ತಿಳಿಯುತ್ತಿದ್ದನೋ, ಎಂಜಿನ್ನಿನ ಸದ್ದು ಕೇಳಿ ತಿಳಿಯುತ್ತಿದ್ದನೋ, ನಾನು ಕೇಳಲಿಲ್ಲ. ಡೌನ್ ಸಿಂಡ್ರೋಮ್ ಉಳ್ಳವನು. ವಯಸ್ಸು ಈಗ ನಲವತ್ತೇಳು, ನನಗಿಂತ ಎರಡು ವರ್ಷ ಹಿರಿಯ. ಊರು ಅವನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಅಂಥವರನ್ನು ಕರೆಯಲು ನಾವು ಬಳಸುವ ಪದಗಳು ವಾಚಕರಿಗೆ ಗೊತ್ತು, ಬರೆದು ತೋರಿಸಬೇಕಾಗಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಅವನು ನನ್ನ ಟವೆಲ್ಲನ್ನು ಲಿಂಗಸುಗೂರಿಗೆ ಹೋಗುವ ಬಸ್ಸಿನೊಳಕ್ಕೆ ಎಸೆದ. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ವಾರ ಕಳೆಯುವುದರೊಳಗೆ ಅಂಗಡಿಯ ಬಾಗಿಲಲ್ಲಿ ನಿಂತು, ಮನೆ ಎಡಕ್ಕೋ ಬಲಕ್ಕೋ ತಿಳಿಯದೆ ಅತ್ತನಂತೆ. ಅವನ ಅಣ್ಣ ಹೇಳಿದ್ದು ಇಷ್ಟೆ: “ಅಂವ ಮೊದಲಿಂದ ಹಂಗ ಅದಾನಲ್ರಿ ಸರ.” ತೋರಿಸಿದ ಮೊದಲ ವೈದ್ಯರೂ ಹೆಚ್ಚು ಕಡಿಮೆ ಅದನ್ನೇ ಹೇಳಿ ಕಳಿಸಿದರು. ಹೌದಲ್ಲವೆ ಎಂದು ನಾನೂ ಸುಮ್ಮನಾದೆ.

ಒಪ್ಪದೆ ಹೋದವಳು ಲಿಂಗಸುಗೂರಿಗೆ ಕೊಟ್ಟಿರುವ ಅವನ ತಂಗಿ. ಹಬ್ಬಕ್ಕೆ ತವರಿಗೆ ಬಂದವಳು ನಮ್ಮ ಮನೆಗೂ ಬಂದು ಹೇಳಿದಳು: “ಇಲ್ರಿ ಅಣ್ಣಾ, ಅಂವ ಹಂಗಿರಲಿಲ್ಲ. ನಾ ಬಸ್ ಇಳದ್ರ ಸಾಕು, ಚೀಲ ಇಸ್ಕೊಂಡು ನನ್ನ ಮಕ್ಕಳ ಹೆಸರು ಒಂದೊಂದ ಹೇಳಿ ಕೇಳ್ತಿದ್ದ. ಈ ಸಲ ಕೇಳಲಿಲ್ಲ.”

ಒಬ್ಬನು ಏನನ್ನೋ ಕಳೆದುಕೊಂಡನೆಂದು ಹೇಳಬೇಕಾದರೆ ಅವನ ಬಳಿ ಏನಿತ್ತೆಂದು ಯಾರಿಗಾದರೂ ಗೊತ್ತಿರಬೇಕು. ನಿವೃತ್ತ ಮೇಷ್ಟರು ಲೆಕ್ಕ ತಪ್ಪಿದರೆ ಮನೆಯವರಿಗೆ ಗಾಬರಿಯಾಗುತ್ತದೆ. ಇವನು ಬಸ್ಸು ತಪ್ಪಿದರೆ ನಮಗೆ ನಗು ಬರುತ್ತದೆ. ಅವನ ಬಳಿ ಏನೂ ಇರಲಿಲ್ಲವೆಂದು ನಾವು ಮೊದಲೇ ತೀರ್ಮಾನಿಸಿಬಿಟ್ಟಿದ್ದೆವು. ಹಾಗಿದ್ದ ಮೇಲೆ ಹೋಗುವುದಾದರೂ ಏನು? ಈ ತೀರ್ಮಾನ ಅಜ್ಞಾನವೋ ಅಪರಾಧವೋ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಕನ್ನಡದ ಮೇಷ್ಟರಿಗೆ ಮೆದುಳಿನ ಶಾಸ್ತ್ರವೇಕೆ ಎನ್ನಬಹುದು. ತಂಗಿಯ ಮಾತು ಕೇಳಿದ ಮೇಲೆ ಓದದೆ ಇರಲಾಗಲಿಲ್ಲ. ಈ ಸ್ಥಿತಿಯನ್ನು 1866ರಲ್ಲಿ ಮೊದಲು ವಿಂಗಡಿಸಿ ವರ್ಣಿಸಿದವನು ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್. ಅವನು ಕೊಟ್ಟ ಹೆಸರು ಒಂದು ಜನಾಂಗದ ಹೆಸರಾಗಿತ್ತು. 1965ರಲ್ಲಿ ಮಂಗೋಲಿಯ ದೇಶವೇ ವಿಶ್ವ ಆರೋಗ್ಯ ಸಂಸ್ಥೆಗೆ ಹೇಳಿ ಅದನ್ನು ಬಿಡಿಸಬೇಕಾಯಿತು. ಕಾರಣ ತಿಳಿದದ್ದು 1959ರಲ್ಲಿ. ಫ್ರಾನ್ಸಿನ ಲೆಜೂನ್, ಮಾರ್ಥ್ ಗೋತಿಯೆ, ತುರ್ಪಾಂ ಇವರು ಈ ಮಕ್ಕಳ ಜೀವಕೋಶಗಳಲ್ಲಿ ಒಂದು ವರ್ಣತಂತು ಹೆಚ್ಚಾಗಿರುವುದನ್ನು ತೋರಿಸಿದರು. 21ನೆಯದು ಎರಡಿರುವ ಕಡೆ ಮೂರು.

ಅಲ್ಜೈಮರ್ ಕಾಯಿಲೆಯ ಕಥೆ ಬೇರೆಡೆ ಆರಂಭವಾಯಿತು. 1906ರಲ್ಲಿ ಜರ್ಮನಿಯ ಅಲೋಯಿಸ್ ಅಲ್ಜೈಮರ್, ಮರೆವಿನಿಂದ ನರಳಿ ತೀರಿಕೊಂಡ ಹೆಂಗಸೊಬ್ಬಳ ಮೆದುಳಿನಲ್ಲಿ ಗಟ್ಟಿಯಾದ ಕಲೆಗಳನ್ನೂ ನರಕೋಶಗಳೊಳಗೆ ಗೋಜಲಾದ ಎಳೆಗಳನ್ನೂ ಕಂಡ. ಅದೇ ಕಲೆ, ಅದೇ ಗೋಜಲು, ಡೌನ್ ಸಿಂಡ್ರೋಮ್ ಉಳ್ಳವರ ಮೆದುಳಿನಲ್ಲೂ ಇವೆಯೆಂದು ಮುಂದಿನ ದಶಕಗಳಲ್ಲಿ ತಿಳಿಯುತ್ತ ಬಂತು. 1984ರಲ್ಲಿ ಅಮೆರಿಕದ ಗ್ಲೆನ್ನರ್ ಮತ್ತು ವಾಂಗ್ ಎಂಬಿಬ್ಬರು ಆ ಕಲೆಗಳ ವಸ್ತುವನ್ನು ಬೇರ್ಪಡಿಸಿದರು. ಎರಡೂ ಬಗೆಯ ಮೆದುಳಿನಲ್ಲಿ ಅದು ಒಂದೇ. ಹಾಗಾದರೆ ಅದರ ಮೂಲ 21ನೆಯ ವರ್ಣತಂತುವಿನಲ್ಲೇ ಇರಬೇಕೆಂದು ಅವರು ಊಹಿಸಿದರು. 1987ರಲ್ಲಿ ಆ ಜೀನು ಅಲ್ಲಿಯೇ ಸಿಕ್ಕಿತು. ಅದು ಮಾಡಿಸುವ ದೊಡ್ಡ ಪ್ರೋಟೀನನ್ನು ಕಿಣ್ವಗಳು ಕತ್ತರಿಸಿದಾಗ ಉಳಿಯುವ ಅಮಿಲಾಯ್ಡ್ ಎಂಬ ಚೂರು ಒಂದಕ್ಕೊಂದು ಅಂಟಿ ಕಲೆಯಾಗುತ್ತದೆ. ಜೀನು ಎರಡಿರುವವರಿಗೆ ಇದಾಗುವುದು ಮುಪ್ಪಿನಲ್ಲಿ, ಅದೂ ಕೆಲವರಿಗೆ. ಮೂರಿರುವವರಿಗೆ ಬೇಗ, ಹೆಚ್ಚು ಕಡಿಮೆ ಎಲ್ಲರಿಗೂ. 1998ರಲ್ಲಿ ವರದಿಯಾದ ಒಂದು ಪ್ರಸಂಗ ನನ್ನನ್ನು ತಡೆದು ನಿಲ್ಲಿಸಿತು: ಡೌನ್ ಸಿಂಡ್ರೋಮ್ ಇದ್ದ 78 ವರ್ಷದ ಒಬ್ಬ ಹೆಂಗಸಿಗೆ ಈ ಕಾಯಿಲೆ ಬಂದಿರಲಿಲ್ಲ. ನೋಡಿದರೆ, ಆಕೆಯ ಹೆಚ್ಚುವರಿ ವರ್ಣತಂತು ತುಂಡಾಗಿತ್ತು. ಆ ಒಂದು ಜೀನು ಇದ್ದ ಭಾಗ ಅದರಲ್ಲಿರಲಿಲ್ಲ.

ನಲವತ್ತು ದಾಟುವಷ್ಟರಲ್ಲಿ ಇವರಲ್ಲಿ ಬಹುಮಟ್ಟಿಗೆ ಎಲ್ಲರ ಮೆದುಳಿನಲ್ಲೂ ಈ ಕಲೆಗಳು ಇರುತ್ತವೆ. ಬದುಕಿನಲ್ಲಿ ಎಂದಾದರೊಮ್ಮೆ ಮರೆವಿನ ರೋಗ ಬರುವ ಸಂಭವ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು; ಅದು ಹೊರಗೆ ಕಾಣುವುದು ಸರಾಸರಿ ಐವತ್ತರ ಆಚೆ ಈಚೆ. ಅಮೆರಿಕದಲ್ಲಿ 1983ರ ಸುಮಾರಿಗೆ ಇವರ ಸರಾಸರಿ ಆಯಸ್ಸು 25 ವರ್ಷವಾಗಿತ್ತು, ಈಗ 60ರ ಹತ್ತಿರ. ಇಂಥ ಶಿಶುಗಳಲ್ಲಿ ಅರ್ಧದಷ್ಟು ಹೃದಯದ ದೋಷದೊಡನೆ ಹುಟ್ಟುತ್ತವೆ. ಶಸ್ತ್ರಚಿಕಿತ್ಸೆ ಅವನ್ನು ಉಳಿಸಿತು. ಉಳಿದದ್ದರಿಂದಲೇ ಈ ಹೊಸ ದುಃಖ ಎದುರಾಯಿತು.

ಇಲ್ಲಿ ಒಂದು ಲೆಕ್ಕವನ್ನು ಒಪ್ಪಿಕೊಳ್ಳಬೇಕು. ನಮ್ಮ ಮುಪ್ಪಿನ ಮರೆವಿನ ಬಗ್ಗೆ ವಿಜ್ಞಾನ ಇಂದು ಬಲ್ಲ ಸಂಗತಿಗಳಲ್ಲಿ ಗಣನೀಯ ಭಾಗವನ್ನು ಕಲಿಸಿದವರು, ಬುದ್ಧಿಯಿಲ್ಲದವರೆಂದು ನಾವು ಬದಿಗಿಟ್ಟವರು. ಹಳೆಯ ಆಶ್ರಮಗಳ ಗೋಡೆಯೊಳಗೆ ಸತ್ತವರ ಒಪ್ಪಿಗೆಯನ್ನು ಇಂದಿನ ಅರ್ಥದಲ್ಲಿ ಕೇಳುವ ಪದ್ಧತಿ ಆಗ ಇರಲಿಲ್ಲ. ಅಮಿಲಾಯ್ಡನ್ನು ತೊಳೆಯುವ ಲೆಕಾನೆಮ್ಯಾಬ್ ಎಂಬ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ದೊರೆಯಿತು. ಅದರ ಪರೀಕ್ಷೆಯಲ್ಲಿ ಡೌನ್ ಸಿಂಡ್ರೋಮ್ ಉಳ್ಳವರನ್ನು ಸೇರಿಸಿರಲಿಲ್ಲ. ಇವರ ಮೆದುಳಿನ ರಕ್ತನಾಳಗಳಲ್ಲೂ ಅಮಿಲಾಯ್ಡ್ ಕೂತಿರುವುದರಿಂದ ರಕ್ತಸ್ರಾವದ ಭಯ ಹೆಚ್ಚು, ಎಚ್ಚರಿಕೆ ಸುಳ್ಳಲ್ಲ. ಇವರಿಗಾಗಿಯೇ ಬೇರೆ ಪರೀಕ್ಷೆಗಳು ಈಚೆಗೆ ಮೊದಲಾಗಿವೆ. ಆದರೂ ಪಂಕ್ತಿಯಲ್ಲಿ ಮೊದಲು ಬಡಿಸಿದವರು ಕೊನೆಯಲ್ಲಿ ಕೂತಿದ್ದಾರೆ.

ಅವರು ಉಪಯೋಗಕ್ಕೆ ಬಂದರು, ಆದ್ದರಿಂದ ಗೌರವಿಸಬೇಕು ಎಂಬ ವಾದವನ್ನು ಮಾತ್ರ ನಾನು ಮಾಡಲಾರೆ. ಹಾಗೆ ಹೇಳಿದರೆ, ಯಾರ ಉಪಯೋಗಕ್ಕೂ ಬಾರದವನ ಗತಿಯೇನು? ನನ್ನ ಸೀಟು ಹಿಡಿದದ್ದರಿಂದ ಅವನು ಬೆಲೆಯುಳ್ಳವನಾದನೆ? ನಾನು ಅವನನ್ನು ಗಮನಿಸಿದ್ದು ಅಷ್ಟರ ಮಟ್ಟಿಗೇ ಎಂಬುದು ನಿಜ. ಅದು ನನ್ನ ಅಳತೆಯ ಸಣ್ಣತನ, ಅವನದಲ್ಲ.

ಅಳತೆಯ ಮಾತು ಬಂತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 2018ರಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದ ರೈತಾಪಿ ಜನರ ನೆನಪು, ರಕ್ತ, ಮೆದುಳಿನ ಚಿತ್ರ ಇವನ್ನು ಮತ್ತೆ ಮತ್ತೆ ನೋಡುತ್ತಿದ್ದಾರೆ. ಹತ್ತು ಸಾವಿರ ಮಂದಿಯನ್ನು ಹೀಗೆ ಹಿಂಬಾಲಿಸುವುದು ಗುರಿ. ನನಗೆ ಅದರಲ್ಲಿ ಹಿಡಿಸಿದ್ದು ಒಬ್ಬ ಮನುಷ್ಯನನ್ನು ಅವನ ನಿನ್ನೆಯೊಡನೆಯೇ ಹೋಲಿಸುವ ಕ್ರಮ. ಡೌನ್ ಸಿಂಡ್ರೋಮ್ ಉಳ್ಳವರ ವಿಷಯದಲ್ಲಂತೂ ತಜ್ಞರಿಗೆ ಬೇರೆ ದಾರಿಯೇ ಇಲ್ಲ. ಇಂದು ವಾರ ಯಾವುದು, ನೂರರಲ್ಲಿ ಏಳು ಕಳೆದರೆ ಎಷ್ಟು ಎಂಬ ಪ್ರಶ್ನೆಗಳಿಂದ ಪ್ರಯೋಜನವಿಲ್ಲ. ಮೂವತ್ತೈದರ ಸುಮಾರಿನಲ್ಲಿ ಅವನಿಗೆ ಏನೇನು ಬರುತ್ತಿತ್ತು? ಗುಂಡಿ ಹಾಕಿಕೊಳ್ಳುತ್ತಿದ್ದನೆ? ಯಾರ ಹೆಸರು ಹೇಳುತ್ತಿದ್ದ? ಇದನ್ನು ಬಲ್ಲವರು ಮನೆಯವರು ಮಾತ್ರ. ಅವರು ಗಮನಿಸಿರದಿದ್ದರೆ ಎಷ್ಟು ದೊಡ್ಡ ಆಸ್ಪತ್ರೆಯ ಯಂತ್ರವೂ ಆ ಕೊರತೆಯನ್ನು ತುಂಬಿಕೊಡಲಾರದು.

ಇನ್ನೊಂದು ಮಾತು. ಥೈರಾಯ್ಡ್ ಕೊರತೆ, ಕಿವಿ ಮಂದವಾಗುವುದು, ಕಣ್ಣಿನ ಪೊರೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಮನಸ್ಸಿನ ಖಿನ್ನತೆ, ಇವೂ ಇವರಲ್ಲಿ ಮರೆವಿನ ವೇಷದಲ್ಲಿ ಬರುತ್ತವೆ, ಇವಕ್ಕೆ ಚಿಕಿತ್ಸೆಯುಂಟು. ತಂಗಿಯ ಹಟದಿಂದ ಬೆಂಗಳೂರಿಗೆ ಹೋದಾಗ ನಮ್ಮವನಿಗೆ ಥೈರಾಯ್ಡ್ ಕೊರತೆಯೂ ಇರುವುದು ತಿಳಿಯಿತು. ಮಾತ್ರೆಯಿಂದ ತುಸು ಚುರುಕಾದ. ಮಿಕ್ಕದ್ದು ಅಲ್ಜೈಮರ್ ಎಂದರು. ನಾವು “ಮೊದಲಿನಿಂದಲೂ ಹಾಗೆಯೇ” ಎಂದು ಕೂತಿದ್ದರೆ ಆ ಮಾತ್ರೆಯೂ ಇಲ್ಲ.

ಸಿಂಧನೂರಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮಗಳಿಗೆ ಆರು ವರ್ಷ; ಅವಳಿಗೂ ಡೌನ್ ಸಿಂಡ್ರೋಮ್. ಓದಿದ್ದನ್ನು ಅವರಿಗೆ ಹೇಳಬೇಕೆ? ತಿಂಗಳುಗಟ್ಟಲೆ ಹೇಳಲಿಲ್ಲ. ತಡೆಯುವ ಮದ್ದಿಲ್ಲದ ಕಡೆ ತಿಳಿವಳಿಕೆ ಬರಿಯ ಭಾರವಲ್ಲವೆ ಎನ್ನಿಸಿತ್ತು. ಕೊನೆಗೆ ಮರೆಯುವವಳಿಗೆ ಕಲಿಸುವುದೇಕೆ ಎಂದು ಯಾರಾದರೂ ಅಂದುಬಿಟ್ಟಾರು ಎಂಬ ಭಯವೂ ಇತ್ತು. ಕೊನೆಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ನಿಮಗೂ ನನಗೂ ಎಂಬತ್ತಕ್ಕೆ ಬರಬಹುದಲ್ರಿ ಸರ. ಅದಕ್ಕಂತ ನಾವು ಪಾಠ ಬಿಟ್ಟೀವೇನು?” ಎಂದರು. ನನ್ನ ಭಯ ಅವರ ಬಗ್ಗೆ ಇದ್ದಿರಲಾರದು. ನನ್ನ ಬಗ್ಗೆಯೇ ಇತ್ತೇನೋ.

ನಮ್ಮ ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನೆಂಬ ಹೆಸರು ದೊರೆತ ಮೇಲಲ್ಲವೆ, ಅಲ್ಲಿಯವರೆಗೆ ಶಾಸನಗಳಲ್ಲಿ ದೇವಾನಾಂಪ್ರಿಯನೆಂಬ ಬಿರುದಾಗಿಯೇ ಉಳಿದಿದ್ದವನು ಇಂಥವನೆಂದು ಖಚಿತವಾದದ್ದು. ಬಿರುದು ಹಿಡಿದು ಕರೆಯುವುದು ಸುಲಭ, ಅದು ಹೊಗಳಿಕೆಯ ಬಿರುದಾಗಿರಲಿ, ನಮ್ಮೂರು ಇವನಿಗೆ ಕೊಟ್ಟಂಥದಾಗಿರಲಿ.

ಅವನಿಗೆ ಹೇಳಬೇಕೆ ಎಂಬುದು ತಂಗಿಯ ಪ್ರಶ್ನೆ. “ನಿನಗೆ ಮರೆವು ಬಂದಿದೆ, ಅದಕ್ಕೇ ತಪ್ಪುತ್ತಿದೆ, ನಿನ್ನ ತಪ್ಪಲ್ಲ” ಎಂದಷ್ಟು ಹೇಳಬಹುದೆಂದು ನನ್ನ ಅಭಿಪ್ರಾಯ. ಅವಳಿನ್ನೂ ಹೇಳಿಲ್ಲ. ಬದಲಿಗೆ ಒಂದು ನೋಟುಬುಕ್ಕು ತಂದಳು. ಅವಳಿಗೆ ಬರೆಯಲು ಅಷ್ಟಾಗಿ ಬಾರದು. ಅವಳು ಹೇಳಿದಳು, ನಾನು ಬರೆದೆ: ರೊಟ್ಟಿ ತಾನೇ ಮುರಿದು ತಿನ್ನುತ್ತಾನೆ. ಅವ್ವನ ಫೋಟೋ ಗುರುತಿಸುತ್ತಾನೆ. ಅಂಗಿ ಗುಂಡಿ ಎರಡು ಹಾಕುತ್ತಾನೆ, ಮೇಲಿನದು ಆಗುವುದಿಲ್ಲ. ಬಸ್ಸಿನ ಸದ್ದಿಗೆ ಎದ್ದು ನಿಲ್ಲುತ್ತಾನೆ. “ತಾರೀಖ ಹಾಕ್ರಿ ಅಣ್ಣಾ” ಎಂದಳು. ಹಾಕಿದೆ.